ಮಸಗುಪ್ಪಿಯ ಬೇರಿನಲ್ಲಿ ಅಲುಗಾಡಿದ ಜೀನು

ಜೀನುಗಳ ಮೇಲೆ ಕೆಲಸ ಮಾಡಿದವಳು ಎಂದರೆ ಜನ ದೊಡ್ಡದೇನನ್ನೋ ಕಲ್ಪಿಸಿಕೊಳ್ಳುತ್ತಾರೆ. ಗೋಕಾಕದ ನಮ್ಮ ಓಣಿಯಲ್ಲಿ ಈಗಲೂ ಯಾರಾದರೂ ನಿಲ್ಲಿಸಿ ಕೇಳುವುದುಂಟು: "ಮುಲ್ಲಾ ಮೇಡಮ್ಮಾರ, ಅಷ್ಟ್ ವರ್ಷ ಲ್ಯಾಬಿನಾಗ ಇದ್ದು ಏನ್ ಕಂಡಹಿಡದ್ರಿ?" ನಾನು ಏನೂ ಕಂಡುಹಿಡಿಯಲಿಲ್ಲ. ನೌಕರಿಯ ಅರ್ಧ ಆಯುಷ್ಯ, ಅಳೆಯುವ ಗೋಲು ತಾನೇ ಉದ್ದಗಿಡ್ಡ ಆಗುತ್ತಿಲ್ಲವಲ್ಲ ಎಂದು ಪರೀಕ್ಷಿಸುವುದರಲ್ಲಿ ಹೋಯಿತು. ಉಳಿದರ್ಧ, ಆ ಪರೀಕ್ಷೆ ಏಕೆ ಬೇಕು ಎಂದು ಮೇಲಿನವರಿಗೆ ತಿಳಿಸಿ ಹೇಳುವುದರಲ್ಲಿ ಹೋಯಿತು. ನನ್ನನ್ನು ಹೆಚ್ಚು ದಣಿಸಿದ್ದು ಎರಡನೆಯದು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಡ್ತಿ, ಶಾಲು, ಸನ್ಮಾನಗಳ ಕಥೆ ಬೇರೆಯವರು ಬರೆಯಲಿ.

ನಮ್ಮ ಕೃಷಿ ಸಂಶೋಧನಾ ಕೇಂದ್ರ ಹತ್ತರಗಿಯ ಹತ್ತಿರ, ಹೆದ್ದಾರಿಯಿಂದ ತುಸು ಒಳಗಿತ್ತು. ಗೋಕಾಕದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಾನು ಸೇರಿದ ಕಾಲಕ್ಕೆ, ಒಂದು ಗಿಡದಲ್ಲಿ ಒಂದು ಜೀನು ಎಷ್ಟು ಚುರುಕಾಗಿದೆ ಎಂದು ತಿಳಿಯಲು ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡುವ ಕಪ್ಪು ಪಟ್ಟಿಗಳನ್ನು ನೋಡುತ್ತಿದ್ದೆವು. ಪಟ್ಟಿ ದಟ್ಟವಾಗಿದ್ದರೆ ಹೆಚ್ಚು, ಮಸುಕಾಗಿದ್ದರೆ ಕಡಿಮೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರೂ ತಲೆ ಕೂಡಿಸಿ ನೋಡುತ್ತಿದ್ದೆವು. ಕೊನೆಗೆ ಹಿರಿಯರ ಕಣ್ಣಿಗೆ ಕಂಡಷ್ಟೇ ಕಪ್ಪು ಎಂದು ತೀರ್ಮಾನವಾಗುತ್ತಿತ್ತು.

ಆಮೇಲೆ ಹೊಸ ಪಿಸಿಆರ್ ಯಂತ್ರ ಬಂತು. ಜೀನು ಕೆಲಸಕ್ಕೆ ಇಳಿದಾಗ ಅದರ ಸಂದೇಶ ಆರ್‌ಎನ್‌ಎ ರೂಪದಲ್ಲಿ ಹೊರಡುತ್ತದೆ. ಯಂತ್ರ ಆ ಸಂದೇಶದ ಪ್ರತಿಗಳನ್ನು ಸುತ್ತುಸುತ್ತಿಗೂ ಇಮ್ಮಡಿ ಮಾಡುತ್ತ ಹೋಗಿ, ಬೆಳಕು ಎಷ್ಟು ಬೇಗ ಕಾಣಿಸಿಕೊಂಡಿತು ಎಂಬುದರ ಮೇಲೆ ಮೂಲದಲ್ಲಿ ಎಷ್ಟಿತ್ತು ಎಂದು ಅಂಕಿಯಲ್ಲಿ ಹೇಳುತ್ತದೆ. ಪರದೆಯ ಮೇಲೆ ಅಂಕಿ ಬಂದದ್ದೇ ತಡ, ನಮ್ಮಲ್ಲಿ ಸಂಶಯ ಪಡುವುದೇ ನಿಂತುಹೋಯಿತು.

ಆದರೆ ಒಂದು ಬೇರು ಗಟ್ಟಿ ಇರುತ್ತದೆ, ಇನ್ನೊಂದು ಕೊಳೆತಿರುತ್ತದೆ. ಒಂದು ಕೊಳವೆಗೆ ಹೆಚ್ಚು ಆರ್‌ಎನ್‌ಎ ಬಿದ್ದಿರುತ್ತದೆ, ಇನ್ನೊಂದಕ್ಕೆ ಕಡಿಮೆ. ಈ ಏರುಪೇರನ್ನು ಕಳೆಯಲು, ಎಲ್ಲ ಸ್ಥಿತಿಯಲ್ಲೂ ಒಂದೇ ಸಮ ಇರುವ ಇನ್ನೊಂದು ಜೀನನ್ನೂ ಜೊತೆಗೆ ಅಳೆದು, ಅದಕ್ಕೆ ಹೋಲಿಸಿ ನಮಗೆ ಬೇಕಾದ ಜೀನಿನ ಲೆಕ್ಕ ಹೇಳಬೇಕು. ಹಾಗೆ ಹೋಲಿಕೆಗೆ ನಿಲ್ಲುವುದೇ ರೆಫರೆನ್ಸ್ ಜೀನು. ಅದೇ ಅಲುಗಾಡಿದರೆ ಮೇಲೆ ಕಟ್ಟಿದ್ದೆಲ್ಲ ಬಿದ್ದಂತೆ. ಇಷ್ಟೇ ವಿಷಯ. ಇದನ್ನು ಒಬ್ಬ ಹೈಸ್ಕೂಲು ಹುಡುಗನಿಗೆ ಒಂದು ಲೋಟ ಚಹಾ ಮುಗಿಯುವುದರೊಳಗೆ ತಿಳಿಸಬಹುದು. ನಮ್ಮ ವಿಭಾಗದ ಮುಖ್ಯಸ್ಥರಿಗೆ ತಿಳಿಸಲು ನನಗೆ ವರ್ಷಗಳು ಬೇಕಾದವು.

ಮುಖ್ಯಸ್ಥರು ದೇಸಾಯಿ ಸಾಹೇಬರು. ಕೆಟ್ಟವರಲ್ಲ. ಸೋಯಾಬೀನ್ ತಳಿಗಳನ್ನು ಬೆರೆಸಿ ಹೊಸ ತಳಿ ತೆಗೆಯುವುದರಲ್ಲಿ ಕೈ ಪಳಗಿದವರು, ಹೊಲಕ್ಕಿಳಿದರೆ ಬಿಸಿಲು ನೋಡುತ್ತಿರಲಿಲ್ಲ. ಆದರೆ ಲ್ಯಾಬಿನ ಮಟ್ಟಿಗೆ ಅವರದು ಒಂದೇ ಮಂತ್ರ: "ಗ್ಯಾಪ್‌ಡಿಎಚ್ ಹಾಕ್ರಿ. ಎಲ್ಲಾರೂ ಅದನ್ನ ಹಾಕ್ತಾರ." ಗ್ಯಾಪ್‌ಡಿಎಚ್ ಎಂಬುದು ಜೀವಕೋಶದೊಳಗೆ ಸಕ್ಕರೆ ಒಡೆದು ಶಕ್ತಿ ತೆಗೆಯುವ ಕೆಲಸದ ಒಂದು ಜೀನು. ಇಂಥವುಗಳಿಗೆ ಹೌಸ್‌ಕೀಪಿಂಗ್ ಜೀನು, ಅಂದರೆ ಮನೆಗೆಲಸದ ಜೀನು ಎಂದು ಯಾರೋ ಹೆಸರಿಟ್ಟಿದ್ದಾರೆ. ಮನೆಗೆಲಸ ದಿನಾ ಇದ್ದದ್ದೇ, ಆದ್ದರಿಂದ ದಿನಾ ಒಂದೇ ಸಮ ಎಂಬ ತರ್ಕ. ಹೀಗೆ ತರ್ಕಿಸಿದವರು ಮನೆಗೆಲಸ ಮಾಡಿದವರಲ್ಲ. ಮನೆಗೆ ನೆಂಟರು ಬಂದ ದಿನವೂ, ನಲ್ಲಿಯಲ್ಲಿ ನೀರು ನಿಂತ ದಿನವೂ ಕೆಲಸ ಒಂದೇ ಸಮ ಇರುತ್ತದೆಯೇ? ಇದನ್ನು ಅವರ ಎದುರೇ ಹೇಳಿದ್ದೆ. ಅವರು ನಕ್ಕು, "ನೀವು ಭಾಳ ಛಲೋ ಮಾತಾಡ್ತೀರಿ" ಎಂದು ಹೇಳಿ ಗ್ಯಾಪ್‌ಡಿಎಚ್ ಕಾಗದಕ್ಕೇ ಸಹಿ ಹಾಕಿದರು.

ಆ ವರ್ಷ ನಮ್ಮ ಕೈಯಲ್ಲಿ ಎರಡು ಸೋಯಾ ತಳಿಗಳಿದ್ದವು. ಬೀಜದ ಮೇಲಿನ ಚುಕ್ಕೆಯ ಬಣ್ಣ ನೋಡಿ ಒಂದಕ್ಕೆ ಕರಿಗಣ್ಣು, ಇನ್ನೊಂದಕ್ಕೆ ಬಿಳಿಗಣ್ಣು ಎಂದು ಕರೆಯುತ್ತಿದ್ದೆವು. ಬಿಳಿಗಣ್ಣು ಸಾಹೇಬರು ಬಹಳ ವರ್ಷ ಬೆವರು ಸುರಿಸಿ ತೆಗೆದ ತಳಿ, ಇಳುವರಿ ಒಳ್ಳೆಯದಿತ್ತು. ಹೊಳೆದಂಡೆಯ ಹಳ್ಳಿಗಳಿಗೆ ನೀರು ನಿಂತರೂ ತಾಳುವ ತಳಿ ಬೇಕೆಂದು ಮೇಲಿನಿಂದ ಬೇಡಿಕೆ ಬಂದಿತ್ತು. ಎರಡನ್ನೂ ಎರಡು ಕಡೆ ಬಿತ್ತಿದ್ದೆವು. ಕಣಗಲಾದಲ್ಲಿ ನೀರು ನಿಲ್ಲದ ಇಳಿಜಾರಿನ ಹೊಲ, ಮಸಗುಪ್ಪಿಯಲ್ಲಿ ಘಟಪ್ರಭೆಯ ಪಕ್ಕದ ಕಪ್ಪು ನೆಲ.

ಮಸಗುಪ್ಪಿಯ ಹೊಲ ಲಗಮಪ್ಪ ಕಾಕಾನದು. ಹೊಳೆ ಏರಿ ಬಂದು, ಹಲವು ದಿನ ನಿಂತು, ಮೊಣಕಾಲಿನ ಮಟ್ಟಕ್ಕೆ ಇಳಿದಾಗ ಬೇರು ತರಲು ಹೋದೆವು. ನನ್ನ ಜೊತೆ ಪಿಎಚ್‌ಡಿ ಮಾಡುತ್ತಿದ್ದ ರಾಜೇಶ್ವರಿ ಇದ್ದಳು. ಹುಕ್ಕೇರಿಯ ಬಟ್ಟೆ ವ್ಯಾಪಾರದ ಮನೆತನದ ಹುಡುಗಿ, ಸಾಹೇಬರೇ ಅವಳ ಗೈಡು. ಈ ಎರಡು ತಳಿಗಳೇ ಅವಳ ಪ್ರಬಂಧ. ಕಿತ್ತ ಬೇರನ್ನು ಆ ಕ್ಷಣವೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ತಡವಾದರೆ ಕಿತ್ತ ನೋವಿಗೇ ಜೀನುಗಳು ಬದಲಾಗುತ್ತವೆ. ನಾವಿಬ್ಬರೂ ಕೆಸರಿನಲ್ಲಿ ಆ ಹೊಗೆಯಾಡುವ ಕ್ಯಾನು ಹೊತ್ತು ನಡೆಯುವುದನ್ನು ಕಂಡು ಬದುವಿನ ಮೇಲಿದ್ದ ಹೆಂಗಸೊಬ್ಬಳು ಕೂಗಿದಳು: "ಅಕ್ಕಾರ, ಮೊದಲ ನಮ್ಮ ಮನಿಗೆ ಬರ್ರಿ! ಎಮ್ಮಿ ಮುಂಜಾನಿಂದ ಬೆದಿಗೆ ಬಂದು ಒದರಾಕತ್ತೈತಿ!"

ಹಳ್ಳಿಗೆ ಅಂಥ ಕ್ಯಾನಿನಲ್ಲಿ ಕೋಣದ ವೀರ್ಯ ತರುವವರು ಪಶುವೈದ್ಯ ಇಲಾಖೆಯವರು ಮಾತ್ರ. ನಾವು ಎಮ್ಮೆಗೆ ಗರ್ಭ ಕಟ್ಟಿಸುವ ಸೂಜಿ ಹಾಕುವವರಲ್ಲ ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಬೇರು ಕಿತ್ತು ಮುಗಿಯಿತು. ಅವಳು ಸಿಟ್ಟಾಗಿಯೇ ಹೋದಳು.

ಹೊಲದ ನೋಟ ಕುರುಡರಿಗೂ ಕಾಣುವಂತಿತ್ತು. ಬಿಳಿಗಣ್ಣು ಹಳದಿಯಾಗಿ ಜೋತುಬಿದ್ದಿತ್ತು. ಕರಿಗಣ್ಣು ಎಲೆ ಬಾಡಿಸಿಕೊಂಡರೂ ನಿಂತಿತ್ತು. ಸಾಹೇಬರು ಮರುದಿನ ಬಂದು ನೋಡಿ, "ಕರಿಗಣ್ಣ ಎತ್ತರ ಬಾಜೂಕ ಐತಿ. ಅಲ್ಲಿ ನೀರ ಕಡಿಮಿ ನಿಂತಿರತೈತಿ" ಎಂದರು. ಅದು ತಳ್ಳಿಹಾಕುವ ಮಾತಲ್ಲ. ಹೊಲ ಆ ಕಡೆಗೆ ತುಸು ಏರಿತ್ತು. ಒಂದೇ ಸಲ ಏರಿ ಬಂದ ಹೊಳೆಯ ನೀರು ನೋಡಿ ತಳಿ ಆರಿಸಲಾಗದು. "ಲ್ಯಾಬ್ ಏನ್ ಹೇಳತೈತಿ ನೋಡೂಣು" ಎಂದರು. ಅಂದರೆ ತೀರ್ಮಾನ ನಮ್ಮ ಯಂತ್ರದ ಮೇಲೆ ಬಂತು.

ಯಂತ್ರ ಹೇಳಿದ್ದು ತಿರುವುಮುರುವಾಗಿತ್ತು. ನೀರಿನಲ್ಲಿ ಉಸಿರು ಕಟ್ಟಿದಾಗ ಬೇರನ್ನು ಕಾಯುವ ಜೀನು ಸತ್ತಂತಿದ್ದ ಬಿಳಿಗಣ್ಣಿನಲ್ಲಿ ಏರಿತ್ತು. ಬದುಕಿ ನಿಂತಿದ್ದ ಕರಿಗಣ್ಣಿನಲ್ಲಿ ಅಲುಗಿರಲೇ ಇಲ್ಲ. ಹೋಲಿಕೆಗೆ ಹಾಕಿದ್ದು ಗ್ಯಾಪ್‌ಡಿಎಚ್.

ಸಾಹೇಬರ ಮುಖ ಅರಳಿತು. ಬಿಳಿಗಣ್ಣಿನ ಬೀಜ ಹೆಚ್ಚಿಸಿ ಹೊಳೆದಂಡೆಯ ರೈತರಿಗೆ ಕೊಡಲು ಶಿಫಾರಸು ತಯಾರಾಗತೊಡಗಿತು. ರಾಜೇಶ್ವರಿಯ ಪ್ರಬಂಧದ ಸಾರಾಂಶವೂ ಅದೇ ಅಂಕಿಗಳ ಮೇಲೆ ಸಲ್ಲಿಕೆಯಾಯಿತು. ಒಂದು ಖಾಸಗಿ ಕಾಲೇಜಿನಲ್ಲಿ ಅವಳಿಗೆ ನೌಕರಿ ಗೊತ್ತಾಗಿತ್ತು. ಪದವಿ ಕೈಗೆ ಬರುವುದೊಂದೇ ಬಾಕಿ.

ನಾನು ಸಾಹೇಬರ ಕೋಣೆಗೆ ಹೋದೆ. "ಸರ್, ನೀರಿನಾಗ ಬೇರಿಗೆ ಗಾಳಿ ಸಿಗೂದಿಲ್ಲ. ಗಾಳಿ ಇಲ್ಲಂದ್ರ ಗಿಡ ಜೀವಾ ಉಳಿಸ್ಕೊಳ್ಳಾಕ ಸಕ್ಕರಿ ಜೋರಲೆ ಒಡೀತೈತಿ. ಗ್ಯಾಪ್‌ಡಿಎಚ್ ಮಾಡೂದು ಅದ ಕೆಲಸ. ಕರಿಗಣ್ಣಿನಾಗ ಅದೂ ಏರಿದ್ರ, ಕಾಯೂ ಜೀನು ಎಷ್ಟ ಏರಿದ್ರೂ ಅದಕ್ಕ ಹೋಲ್ಸಿದಾಗ ಅಲ್ಲೇ ಐತಿ ಅನ್ನಸ್ತೈತಿ" ಎಂದೆ.

"ಏರೈತಿ ಅನ್ನಾಕ ಏನ್ ಆಧಾರ?"

"ಅದನ್ನ ನೋಡೂಣು ಅಂತನ ಕೇಳಾಕತ್ತೇನಿ. ಬ್ಯಾರೆ ಬ್ಯಾರೆ ಜೀನು ತಗೊಂಡು, ಇದ ಬೇರಿನಾಗ, ಯಾವುದು ಅಲುಗಾಡೂದಿಲ್ಲ ಅಂತ ಮೊದಲ ಆರಿಸ್ಬೇಕು."

"ಮುಲ್ಲಾ ಮೇಡಮ್ಮಾರ, ನೀವು ಅಳತಿ ಮಾಡಾಕ ಕುಂತೀರೋ, ಅಳತಿಗೋಲನ್ನ ಅಳ್ಯಾಕ ಕುಂತೀರೋ?"

ಎರಡನೆಯದಕ್ಕೇ ಎಂದೆ. ಅವರಿಗೆ ಹಿಡಿಸಲಿಲ್ಲ. ಆದರೂ, ನನ್ನ ಕಾಟ ತಾಳದೆಯೋ ಏನೋ, ಒಪ್ಪಿಗೆ ಕೊಟ್ಟರು.

ಒಪ್ಪಿಗೆ ಸಿಕ್ಕರೆ ಕೆಲಸ ಶುರುವಾಯಿತು ಎಂದುಕೊಳ್ಳಬೇಡಿ. ಪ್ರತಿ ಜೀನನ್ನು ಹಿಡಿದು ಪ್ರತಿ ಮಾಡಲು ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಣುಕುಗಳು ಬೇಕು. ತರಿಸಿರೆಂದು ಬರೆದುಕೊಟ್ಟ ಕಾಗದ ತಿಂಗಳುಗಟ್ಟಲೆ ಮರಳಲಿಲ್ಲ. ವಿಚಾರಿಸಲು ಹೋದರೆ ಖರೀದಿ ವಿಭಾಗದ ಗುಮಾಸ್ತರು ಅದನ್ನು ಕಟ್ಟಡ ದುರಸ್ತಿಯ ಕಡತಕ್ಕೆ ಸೇರಿಸಿದ್ದರು. "ಪ್ರೈಮರ್ ಅಂದ್ರ ಗ್ವಾಡಿಗೆ ಬಣ್ಣಕ್ಕಿಂತ ಮೊದಲ ಹಚ್ಚೂದಲ್ರಿ? ನಿಮ್ಮ ಲ್ಯಾಬಿಗೆ ಮೊನ್ನೆನ ಬಣ್ಣಾ ಹೊಡದೈತಲ್ಲ?" ಎಂದು ಅವರೇ ನನ್ನನ್ನು ಗದರಿದರು. ವಿಜ್ಞಾನದ ಪಾಠಗಳಲ್ಲಿ ಈ ಅಧ್ಯಾಯ ಇರುವುದಿಲ್ಲ.

ಪ್ರೈಮರ್‌ಗಳು ಬಂದ ಮೇಲೆ ರಾಜೇಶ್ವರಿ ಮತ್ತು ನಾನು ಆಕ್ಟಿನ್, ಟ್ಯೂಬುಲಿನ್, ಯುಬಿಕ್ವಿಟಿನ್ ಎಂದು ಹೆಸರಾಂತ ಜೀನುಗಳನ್ನೆಲ್ಲ, ಜೊತೆಗೆ ಹೆಸರಿಲ್ಲದ ಕೆಲವನ್ನೂ ಸಾಲಾಗಿ ಪರೀಕ್ಷಿಸಿದೆವು. ಮಸಗುಪ್ಪಿಯ ಬೇರು, ಕಣಗಲಾದ ಬೇರು, ಎರಡೂ ಕಡೆಯ ಎಲೆ. ಪಟ್ಟಿಗೆ ಇನ್ನೊಂದು ಸಕ್ಕರೆ ಒಡೆಯುವ ಜೀನನ್ನು ಸಾಹೇಬರು ತಾವೇ ಸೇರಿಸಿದ್ದರು. ಯಾವ ಜೀನು ಸ್ಥಿರ ಎಂದು ಲೆಕ್ಕಹಾಕುವ ಸಾಫ್ಟ್‌ವೇರಿಗೆ ಅಂಕಿಗಳನ್ನು ತುಂಬಿದೆವು. ಅದು ಮೇಲಕ್ಕೆ ತಂದು ನಿಲ್ಲಿಸಿದ ಜೋಡಿ ಯಾವುದು ಗೊತ್ತೇ? ಗ್ಯಾಪ್‌ಡಿಎಚ್, ಮತ್ತು ಸಾಹೇಬರು ಸೇರಿಸಿದ ಜೀನು!

"ಈಗರೆ ಆತಲ್ರಿ?" ಎಂದರು ಸಾಹೇಬರು. "ಕಂಪ್ಯೂಟರನ ಹೇಳ್ತು."

ನನಗೆ ಗೋಡೆಗೆ ತಲೆ ಜಜ್ಜಿಕೊಳ್ಳುವಂತಾಯಿತು. ಆ ಸಾಫ್ಟ್‌ವೇರ್ ನೋಡುವುದು ಎರಡು ಜೀನುಗಳ ನಡುವಿನ ಅಂತರವನ್ನು. ಎರಡೂ ಒಂದೇ ಕೆಲಸದವು, ನೀರು ಬಂದಾಗ ಕೂಡಿಯೇ ಏರುತ್ತವೆ. ಅಂತರ ಬದಲಾಗದ್ದರಿಂದ ಎರಡೂ ಸ್ಥಿರ ಎಂದು ಅದು ಮೋಸಹೋಗುತ್ತದೆ. ಅದಕ್ಕೇ ಬೇರೆ ಬೇರೆ ಕೆಲಸ ಮಾಡುವ ಜೀನುಗಳನ್ನಷ್ಟೇ ಪಟ್ಟಿಗೆ ಸೇರಿಸಬೇಕು. ಹೊಸಬರು ಇದನ್ನು ನೆನಪಿಡಬೇಕು. ನಾನು ಹೇಳಿದರೆ ಸಾಹೇಬರು ಕೇಳಲಿಲ್ಲ. "ನಿಮಗ ಬೇಕಾದ ಉತ್ತರ ಬರೂ ತನಕ ಪಟ್ಟಿ ಬದಲ್ಸಕೋತ ಕೂಡ್ತೀರೇನು?" ಎಂದರು. ಆ ಮಾತು ನನಗೆ ಚುಚ್ಚಿತು, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ಹಾಗೆಯೇ ಕಾಣುತ್ತಿತ್ತು.

ಗಿಡದ ಯಾವ ಜೀನನ್ನೂ ನಂಬದೆ ಪರೀಕ್ಷಿಸುವ ದಾರಿ ಬೇಕಾಯಿತು. ಸೋಯಾಬೀನಿನಲ್ಲಿ ಇರಲು ಸಾಧ್ಯವೇ ಇಲ್ಲದ, ಮಿಂಚುಹುಳದ ಬೆಳಕಿನ ಜೀನಿನ ಆರ್‌ಎನ್‌ಎಯನ್ನು ಕೃತಕವಾಗಿ ತಯಾರಿಸಿಕೊಂಡೆವು. ಪ್ರತಿ ಕೊಳವೆಗೂ ಸಮತೂಕದ ಬೇರು ಹಾಕಿ, ಅರೆಯುವ ಮೊದಲೇ ಪ್ರತಿಯೊಂದಕ್ಕೂ ಸಮ ಪ್ರಮಾಣದಲ್ಲಿ ಆ ಮಿಂಚುಹುಳದ ಆರ್‌ಎನ್‌ಎ ಬೆರೆಸಿದೆವು. ಅದನ್ನು ನಾವೇ ಹಾಕಿದ್ದು. ಅದು ಹೊಳೆಗೂ ಹೆದರದು, ಬಿಸಿಲಿಗೂ ಬಾಡದು. ಅದು ಎಲ್ಲ ಕೊಳವೆಯಲ್ಲೂ ಸಮನಾಗಿ ಬಂದು, ಗ್ಯಾಪ್‌ಡಿಎಚ್ ಮಾತ್ರ ಏರುಪೇರಾಗಿ ಬಂದರೆ, ಅಲುಗಾಡಿದ್ದು ಯಾರೆಂದು ಕೇಳುವ ಪ್ರಶ್ನೆಯೇ ಉಳಿಯದು.

ಯಂತ್ರ ಓಡುತ್ತಿದ್ದಾಗ ರಾಜೇಶ್ವರಿ ಪರದೆಯ ಮುಂದೆ ಕೂತಿದ್ದಳು, ನಾನು ಹಿಂದೆ ನಿಂತಿದ್ದೆ. ಮಿಂಚುಹುಳದ ಗೆರೆಗಳು ಒಂದರ ಮೇಲೊಂದು ಇಟ್ಟಂತೆ ಕೂಡಿಯೇ ಎದ್ದವು. ಗ್ಯಾಪ್‌ಡಿಎಚ್ ಗೆರೆಗಳು ಚದುರಿಹೋದವು. ಮಸಗುಪ್ಪಿಯ ಕರಿಗಣ್ಣಿನ ಗೆರೆ ಎಲ್ಲಕ್ಕಿಂತ ಮೊದಲು ಎದ್ದಿತು. ಬಿಳಿಗಣ್ಣಿನದು ತಡವಾಗಿ, ಸುಸ್ತಾದಂತೆ. ಮಿಂಚುಹುಳಕ್ಕೆ ಹೋಲಿಸಿದಾಗ ಕಾಯುವ ಜೀನು ಕರಿಗಣ್ಣಿನಲ್ಲಿ ಎದ್ದು ಕಾಣುವಷ್ಟು ಏರಿತ್ತು. ಬಿಳಿಗಣ್ಣಿನಲ್ಲಿ ಅದು ಏರಿದಂತೆ ಕಂಡದ್ದು ಹೋಲಿಕೆಯ ಗ್ಯಾಪ್‌ಡಿಎಚ್ ಅಲ್ಲಿ ಕುಸಿದಿದ್ದರಿಂದ. ಇಡೀ ಪಟ್ಟಿಯಲ್ಲಿ ಅಲುಗದೆ ನಿಂತಿದ್ದ ಎರಡು ಜೀನುಗಳಲ್ಲಿ ಒಂದಕ್ಕೆ ಇನ್ನೂ ಹೆಸರೇ ಇರಲಿಲ್ಲ. ಅದರ ಕೆಲಸ ಏನೆಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಖುಷಿಯಿಂದ ಅವಳ ಭುಜದ ಮೇಲೆ ಕೈ ಇಟ್ಟೆ. ಅವಳು ಕೈ ತೆಗೆದಳು.

"ಮೇಡಮ್ಮಾರ, ನನಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದೈತ್ರಿ" ಎಂದಳು. "ಸಾಹೇಬ್ರ ಮ್ಯಾಲ ಬಂದಿದ್ದಕ್ಕಿಂತ ಜಾಸ್ತಿ."

"ಯಾಕವಾ?"

"ನೀವು ಹೇಳಿದ್ದ ಸುಳ್ಳಾಗಿದ್ರ ನಿಮ್ಮನ್ನ ಬೈದು ಸುಮ್ನಾಗಬಹುದಿತ್ತು. ನೀವು ಹೇಳಿದ್ದ ಖರೆ ಆತು. ಈಗ ನಾ ಎಲ್ಲಾ ತಿರಗಿ ಮಾಡಬೇಕು. ಆ ನೌಕರಿ ಹೋತು ನಂದು."

ಸಾರಾಂಶ ಸಲ್ಲಿಕೆಯಾಗಿತ್ತು. ಅವಳು ಸುಮ್ಮನಿದ್ದಿದ್ದರೆ ಪದವಿ ಬರುತ್ತಿತ್ತು, ನೌಕರಿಯೂ ಬರುತ್ತಿತ್ತು. ಆ ಅಂಕಿಗಳನ್ನು ಯಾರೂ ತಿರುವಿ ನೋಡುತ್ತಿರಲಿಲ್ಲ. ಹಾಗೆ ನೋಡದೇ ಬಿಟ್ಟ ಪ್ರಬಂಧಗಳು ಕಪಾಟುಗಳಲ್ಲಿ ಎಷ್ಟಿವೆಯೋ. ಮರುದಿನ ಅವಳು ಕೇಂದ್ರಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಹುಕ್ಕೇರಿಗೆ ಫೋನು ಮಾಡಲು ಹಿಂಜರಿದೆ. ವಾರ ಕಳೆದು ಬಂದವಳು ನೇರ ಸಾಹೇಬರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು.

"ಸರ್, ನನ್ನ ಸಾರಾಂಶ ವಾಪಸ್ ತಗೋತೇನ್ರಿ."

"ಯಾರ್ ಹೇಳಿದ್ರು ಹಂಗ ಮಾಡಾಕ? ಮುಲ್ಲಾ ಮೇಡಮ್ಮಾರ?"

"ಅವರು ಏನೂ ಅಂದಿಲ್ರಿ. ನಮ್ಮಪ್ಪ ಅಂಗಡ್ಯಾಗ ಅರಿವಿ ಹರಿದು ಕೊಡ್ತಾನ್ರಿ. ಗಜಾ ಸರಿ ಇಲ್ಲಂತ ಗೊತ್ತಾದ ಮ್ಯಾಲೂ ಅದರಲೆ ಅಳದ ಕೊಟ್ರ, ಸಂಜಿಗೆ ಗಿರಾಕಿ ತಿರಗಿ ಬಂದ ನಿಂತಿರ್ತಾನ. ಮಸಗುಪ್ಪಿ ಮಂದಿ ತಿರಗಿ ಬಂದ್ರ ನಾ ಏನ್ ಹೇಳ್ಲಿ?"

ಅವಳು ಮೇಜಿನ ಮೇಲಿಟ್ಟ ಮಿಂಚುಹುಳದ ಗೆರೆಗಳ ಕಾಗದವನ್ನು ಸಾಹೇಬರು ಕೈಗೆತ್ತಿಕೊಂಡು ನೋಡಿದರು. ತಮ್ಮ ತಳಿಯ ಕೈಬಿಡುವುದು ಯಾರಿಗೂ ಸುಲಭವಲ್ಲ, ಅದನ್ನು ನಾನು ಬಲ್ಲೆ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. "ಶಿಫಾರಸ್ ಸದ್ಯಕ್ಕ ತಡೀರಿ" ಎಂದರು, ಅಷ್ಟೇ.

ಮತ್ತೆ ಬಿತ್ತಿದೆವು, ಈ ಸಲ ಎರಡು ತಳಿಗಳ ಜಾಗ ಅದಲುಬದಲು ಮಾಡಿ. ನಮ್ಮ ದುರದೃಷ್ಟಕ್ಕೆ ಹೊಳೆ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ನಾವು ವಾರ ವಾರ ಹೋಗಿ ನೀರಿನ ಮಟ್ಟ ಕೇಳುವುದನ್ನು ಕಂಡು ಲಗಮಪ್ಪ ಕಾಕಾ ರೇಗಿದ.

"ಮೇಡಮ್ಮಾರ, ಊರ ಮಂದಿ ಎಲ್ಲಾ ಹೊಳಿ ಬರೂದ ಬ್ಯಾಡ ಅಂತ ಕೈ ಮುಗೀತಾರ. ನೀವು ಬರ್ಲಿ ಅಂತ ಕುಂತೀರೇನ್ರಿ?"

ಕೊನೆಗೆ ಅವನ ಹೊಲದಲ್ಲೇ ಒಡ್ಡು ಕಟ್ಟಿ, ಪಂಪು ಹಚ್ಚಿ ನೀರು ನಿಲ್ಲಿಸಿದೆವು. ಒಪ್ಪಿಕೊಂಡವನೇ ಆದರೂ, ಪಂಪು ಓಡುವಷ್ಟು ದಿನ ಅವನು ಬದುವಿನ ಮೇಲೆ ನಿಂತು ಗೊಣಗಿದ: "ಬಂದ ನೀರ ಹೊರಗ ಹಾಕಾಕ ಪಂಪ್ ತಂದವ್ರನ್ನ ನೋಡೇನಿ. ನೀರ ಒಳಗ ತುಂಬಾಕ ಪಂಪ್ ತಂದವ್ರನ್ನ ಇದ ಮೊದಲ ನೋಡಾಕತ್ತೇನಿ." ನೀರು ಬಸಿದ ಮೇಲೆ ಎತ್ತರದ ಬದಿಗಿದ್ದರೂ ಬಿಳಿಗಣ್ಣು ಬಿದ್ದಿತ್ತು, ತಗ್ಗಿನ ಬದಿಗಿದ್ದರೂ ಕರಿಗಣ್ಣು ನಿಂತಿತ್ತು. ಅವನು ಎರಡರ ನಡುವೆ ಓಡಾಡಿ ನೋಡಿ, "ಕರೇದ ನನಗಿರ್ಲಿ" ಎಂದು ಮಾತ್ರ ಹೇಳಿದ. ಕರಿಗಣ್ಣು ಪವಾಡವೇನಲ್ಲ, ಇಳುವರಿ ಸಾಧಾರಣ, ಕೊಯ್ಲಿಗೆ ತಡ. ಆದರೂ ಹೊಳೆಯ ಬದಿಯ ತಗ್ಗಿನ ಪಟ್ಟಿಗಳಿಗೆ ಮಸಗುಪ್ಪಿಯವರು ಅದನ್ನೇ ಒಯ್ದರು. ಬಿಳಿಗಣ್ಣು ಕಣಗಲಾ ಕಡೆಯ ಹೊಲಗಳಿಗೆ ಹೋಯಿತು, ಅಲ್ಲಿ ಚೆನ್ನಾಗಿಯೇ ಬೆಳೆಯಿತು.

ರಾಜೇಶ್ವರಿಯ ಮೌಖಿಕ ಪರೀಕ್ಷೆ ನಡೆದಾಗ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧ ತಿರುವಿ ಹಾಕಿ ಬೇಸರದಿಂದ ಕೇಳಿದರು: "ಒಂದು ಇಡೀ ಅಧ್ಯಾಯ ರೆಫರೆನ್ಸ್ ಜೀನ್ ಆರಿಸುವುದರಲ್ಲೇ ಕಳೆದಿದ್ದೀರಲ್ಲ? ಗ್ಯಾಪ್‌ಡಿಎಚ್ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರೂ ಅದನ್ನೇ ಹಾಕುತ್ತಾರೆ."

ರಾಜೇಶ್ವರಿ ಬಾಯಿ ತೆರೆಯುವ ಮೊದಲೇ ದೇಸಾಯಿ ಸಾಹೇಬರು ಕುರ್ಚಿ ಹಿಂದೆ ಸರಿಸಿ ಎದ್ದರು.

"ಹಂಗ ಅನಬ್ಯಾಡ್ರಿ ಸರ್. ನೀರಿನಾಗ ಬೇರಿಗೆ ಗಾಳಿ ಸಿಗೂದಿಲ್ಲ. ಗಾಳಿ ಇಲ್ಲಂದ್ರ ಗಿಡ ಸಕ್ಕರಿ ಜೋರಲೆ ಒಡೀತೈತಿ. ಆ ಜೀನು ಮಾಡೂದು ಅದ ಕೆಲಸ. ಅದು ನಮ್ಮ ಬೇರಿನಾಗ ಅಲುಗಾಡತೈತಿ. ಈ ಹುಡುಗಿ ಅದನ್ನ ಸಿದ್ಧಾ ಮಾಡಿ ತೋರಿಸ್ಯಾಳ."

ನನ್ನ ಮಾತು, ಅಕ್ಷರ ಅಕ್ಷರ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಸಿಟ್ಟು ಬಂತೋ ನಗು ಬಂತೋ ಇವತ್ತಿಗೂ ತಿಳಿಯದು. ರಾಜೇಶ್ವರಿ ಮಾತ್ರ ಮೇಜಿನ ಕೆಳಗೆ ನನ್ನ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು.

ಕಳೆದುಕೊಂಡ ಕಾಲೇಜಿನ ನೌಕರಿ ಅವಳಿಗೆ ಮತ್ತೆ ಸಿಗಲಿಲ್ಲ. ಪದವಿ ಬಂದ ಮೇಲೂ ಒಂದು ವರ್ಷ ಮನೆಯಲ್ಲೇ ಇದ್ದಳು, ಅಪ್ಪನ ಅಂಗಡಿಯಲ್ಲಿ ಕೂತಳು, ನನ್ನ ಫೋನು ಎತ್ತುತ್ತಿರಲಿಲ್ಲ. ಈಚೆಗೆ ಒಂದು ಮಧ್ಯಾಹ್ನ ತಾನಾಗಿಯೇ ಫೋನು ಮಾಡಿದಳು. ಬೀಜ ತಯಾರಿಸುವ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ಸಂದರ್ಶನಕ್ಕೆ ಹೋಗಿದ್ದಳಂತೆ.

"ಮೇಡಮ್ಮಾರ, ಕುಂಡ್ರೂದಕ್ಕ ಪುರಸೊತ್ತ ಇಲ್ಲ, ಯಾವ ರೆಫರೆನ್ಸ್ ಜೀನ್ ಹಾಕ್ತಿ ಹೇಳು ಅಂತ ಕೇಳಿದ್ರು ನೋಡ್ರಿ."

"ನೀ ಏನಂದಿ?"

"ಯಾವ ಬೆಳಿ, ಅದಕ್ಕ ಏನ್ ತ್ರಾಸ ಆಗೈತಿ, ಬೇರೋ ಎಲಿಯೋ, ಮೊದಲ ಅದನ್ನ ಹೇಳ್ರಿ ಅಂದ್ನಿ. ಅವರಿಗೆ ಸಿಟ್ಟ ಬಂತು. ಒಂದ ಹೆಸರ ಹೇಳಾಕ ಇಷ್ಟ್ಯಾಕ ಅಂದ್ರು. ನಾನೂ ಬಿಡ್ಲಿಲ್ರಿ. ಬೇರ ನೋಡದ ಹೆಸರ ಹೇಳೂದಿಲ್ಲ ಅಂದ್ನಿ."

"ಆಮ್ಯಾಲೆ?"

"ಆಮ್ಯಾಲೆ ಏನು, ಲ್ಯಾಬಿಗೆ ಕರ್ಕೊಂಡ ಹೋಗಿ ಬೇರ ತೋರಿಸಿದ್ರು. ಸೋಮವಾರದಿಂದ ಬಾ ಅಂದಾರ."